ಗಾಜಿನ ಮೇಲಿನ ಮೋಟಾರು

ತಪಾಸಣಾಧಿಕಾರಿ ಗುರುಮಲ್ಲಪ್ಪನವರ ಅನುಮಾನ ಎಂಥದ್ದೆಂದರೆ, ಬೆಳಿಗ್ಗೆ ಹುಟ್ಟುವ ಸೂರ್ಯನ ಬಳಿಯೂ ಗುರುತಿನ ಚೀಟಿ ಕೇಳುವಂಥದ್ದು. ಸುಭಾಷಿಣಿ ಆರು ವರ್ಷ ಕಣ್ಣು ಸವೆಸಿ ಮಾಡಿದ ಒಂದೇ ಒಂದು ಮೋಟಾರನ್ನು ಅವರು ಅಸಲಿ ಎಂದು ಒಪ್ಪಿದರೆ ಮಾತ್ರ ಆಕೆಯ ಪ್ರಯೋಗಾಲಯ ಉಳಿಯುತ್ತಿತ್ತು, ಇಲ್ಲದಿದ್ದರೆ ಬೀಗ.

“ಗಾಜಿನ ಮೇಲೆ ಏನೂ ಇಲ್ವಲ್ಲಮ್ಮಾ?”

“ಒಂದು ಕೂದಲಿನ ತುದಿಯಲ್ಲಿ ಇಂಥ ಹತ್ತು ಕೂರ್ತವೆ ಸರ್. ಬರಿಗಣ್ಣಿಗೆ ಕಾಣಲ್ಲ. ಪರದೆ ನೋಡಿ.”

ಸೂಕ್ಷ್ಮದರ್ಶಕಕ್ಕೆ ಜೋಡಿಸಿದ್ದ ಪರದೆಯ ಮೇಲೆ ಪುಟ್ಟ ಚಕ್ರವೊಂದು ಗಿರಗಿರನೆ ತಿರುಗುತ್ತಿತ್ತು.

ಗುರುಮಲ್ಲಪ್ಪನವರು ಇಂಥ ಮೋಸಗಳನ್ನು ಮೂರು ಲಕ್ಷ ನೋಡಿದ್ದರು. “ನಿಲ್ಲಿಸಿ,” ಎಂದರು. ನಿಂತಿತು. “ಹಿಂದಕ್ಕೆ ತಿರುಗಿಸಿ.” ತಿರುಗಿತು.

“ಇದನ್ನೆಲ್ಲ ನಮ್ಮ ಮೊಮ್ಮಗಳು ಮೊಬೈಲಲ್ಲೇ ಮಾಡ್ತಾಳೆ. ಮೊದಲೇ ತೆಗೆದಿಟ್ಟ ವಿಡಿಯೋ ತಾನೇ?”

“ಇಲ್ಲ ಸರ್. ಬೇಕಾದ್ರೆ ನೀವೇ ಪರೀಕ್ಷೆ ಮಾಡಿ.”

ಅವರು ಜೇಬಿನಿಂದ ಕರವಸ್ತ್ರ ತೆಗೆದು, ಆಕೆ ಕೈ ಅಡ್ಡ ತರುವಷ್ಟರಲ್ಲಿ, ಗಾಜನ್ನು ಗಸಗಸನೆ ಉಜ್ಜಿಬಿಟ್ಟರು. ಪರದೆ ಖಾಲಿಯಾಯಿತು.

ಜೀವಮಾನದಲ್ಲೇ ಮೊದಲ ಬಾರಿಗೆ ಗುರುಮಲ್ಲಪ್ಪನವರ ಅನುಮಾನ ತೀರಿತು. “ವಿಡಿಯೋ ಆಗಿದ್ರೆ ಓಡ್ತಾನೇ ಇರ್ತಿತ್ತು. ನಿಮ್ಮ ಮೋಟಾರು ಅಸಲಿನೇ ಕಣಮ್ಮಾ,” ಎಂದು ಕರವಸ್ತ್ರ ಕೊಡವಿ ಜೇಬಿಗಿಟ್ಟುಕೊಂಡರು.