ಐವತ್ತನೆಯ ಸೊಳ್ಳೆ

ಮೂರನೇ ಸಲ ಎಣಿಸಿದಾಗಲೂ ನಲವತ್ತೊಂಬತ್ತೇ.

ಸಹಾಯಕಿ ಚಿಮಟ ಕೆಳಗಿಟ್ಟಳು. ಏಳನೇ ಪಂಜರಕ್ಕೆ ಬಿಟ್ಟದ್ದು ಐವತ್ತು ಹೆಣ್ಣು ಸೊಳ್ಳೆ. ಎಲ್ಲವೂ ಮಲೇರಿಯಾ ರೋಗಾಣು ಬೆರೆತ ರಕ್ತ ಕುಡಿದವು. ಪ್ರಯೋಗ ಮುಗಿದ ಮೇಲೆ ಅಷ್ಟನ್ನೂ ಕೊಂದು, ಎಣಿಸಿ, ಪುಸ್ತಕದಲ್ಲಿ ಬರೆಯಬೇಕು. ಒಂದು ಕಡಿಮೆಯಾದರೂ ಕಟ್ಟಡಕ್ಕೆ ಬೀಗ, ಎಲ್ಲರಿಗೂ ರಕ್ತಪರೀಕ್ಷೆ, ಮೂರು ತಿಂಗಳ ಕೆಲಸ ಮಣ್ಣುಪಾಲು.

ಬಲೆಯ ಅಂಚು, ನೆಲ, ಬಿಳಿ ಕೋಟಿನ ಮಡಿಕೆ, ಎಲ್ಲ ಹುಡುಕಿದಳು. ಸಿಗಲಿಲ್ಲ. ಬಿಡುವಾಗಲೇ ಎಣಿಕೆ ತಪ್ಪಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ‘ಐವತ್ತು’ ಎಂದು ಬರೆದಳು.

ಹೊರಗೆ ನೆಲ ಒರೆಸುತ್ತಿದ್ದ ಮುದುಕಿ ತಲೆ ಎತ್ತಿದರು. ಇಡೀ ಪ್ರಯೋಗಾಲಯಕ್ಕೆ ಅವರು ದೊಡ್ಡಮ್ಮ.

“ಏನಮ್ಮಾ ಸೊಳ್ಳೆ ತಾಯಿ, ಮುಖ ಬಾಡಿದೆ? ಮಕ್ಕಳು ಮಾತು ಕೇಳಲಿಲ್ವಾ?”

“ಕೇಳಿದವು ದೊಡ್ಡಮ್ಮ. ಎಲ್ಲ ಸರಿ ಇದೆ.”

ಸೊಳ್ಳೆ ತಾಯಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಹೋದ ವರ್ಷವೆಲ್ಲ ಮಲೇರಿಯಾ ಇರುವ ದೂರದ ಗಣಿ ಕ್ಯಾಂಪುಗಳಲ್ಲಿ ಸೊಳ್ಳೆ ಹಿಡಿದು, ಆ ಕಷ್ಟಕ್ಕೆ ಪ್ರತಿಫಲವಾಗಿ ಅವಳು ಈ ಸಾಕಣೆ ಕೋಣೆಯ ಕೆಲಸ ಪಡೆದಿದ್ದಳು. ಒಂದನೇ ಪಂಜರದಲ್ಲಿ ಇರುವವು ತಳಿ ಉಳಿಸಲು ಸಾಕುವ, ರೋಗವಿಲ್ಲದ ಸೊಳ್ಳೆಗಳು. ರಕ್ತ ಸಿಗದಿದ್ದರೆ ಅವು ಮೊಟ್ಟೆ ಇಡವು. ವಾರಕ್ಕೆರಡು ಸಲ ಅವಳು ಎಡತೋಳನ್ನು ಪಂಜರದೊಳಗಿಟ್ಟು ಹತ್ತು ನಿಮಿಷ ಕೂರುತ್ತಿದ್ದಳು. ಬೇರೆ ಯಾರ ತೋಳಿಗೂ ಅಲ್ಲಿ ಅನುಮತಿ ಇರಲಿಲ್ಲ.

ಎದ್ದಾಗ ಮೊಣಕೈವರೆಗೆ ಕೆಂಪು ದದ್ದು. ದೊಡ್ಡಮ್ಮ ಲೊಚಗುಟ್ಟುತ್ತ ತಣ್ಣೀರಿನ ಬಟ್ಟೆ ಹಿಂಡಿ ತರುತ್ತಿದ್ದರು. ಹಿಂದಿನ ತಿಂಗಳು ಅವಳು ಆಫೀಸಿನಲ್ಲಿ ನಡುಗುತ್ತ ಕುಳಿತಿದ್ದಾಗ ತಮ್ಮ ಶಾಲನ್ನೇ ಹೊದಿಸಿ, “ಹಾಳು ಎಸಿ, ಮನುಷ್ಯರನ್ನ ಐಸ್ ಮಾಡಿ ಇಡ್ತದೆ” ಎಂದು ಗೋಡೆಗೆ ಬೈದಿದ್ದರು. ಅವಳು ಎರಡು ಮಾತ್ರೆ ನುಂಗಿ ಅವತ್ತಿನ ಕೆಲಸವನ್ನೆಲ್ಲ ಮುಗಿಸಿಯೇ ಎದ್ದಿದ್ದಳು.

ಎಣಿಕೆ ತಪ್ಪಿದ ಹನ್ನೆರಡನೆಯ ದಿನ ದೊಡ್ಡಮ್ಮ ಕೆಲಸಕ್ಕೆ ಬರಲಿಲ್ಲ. ಹದಿಮೂರನೆಯ ದಿನ ಕಾವಲುಗಾರ ಸುದ್ದಿ ತಂದ. “ಚಳಿಜ್ವರವಂತೆ. ಮಂಚವೇ ಅಲ್ಲಾಡುತ್ತಿತ್ತಂತೆ. ಆಸ್ಪತ್ರೆಗೆ ಸೇರಿಸಿದಾರೆ.”

ಸಹಾಯಕಿ ಪುಸ್ತಕ ತೆರೆದು ತಾನು ಬರೆದ ‘ಐವತ್ತು’ ನೋಡಿದಳು.

ಮಧ್ಯಾಹ್ನ ಕಿತ್ತಳೆ ಹಣ್ಣು ಹಿಡಿದು ವಾರ್ಡಿಗೆ ಹೋದಳು. ದೊಡ್ಡಮ್ಮನ ಕೆನ್ನೆ ಒಳಕ್ಕೆ ಹೋಗಿತ್ತು. ಆದರೂ ಹಣ್ಣು ಸುಲಿದು ಅರ್ಧವನ್ನು ಅವಳ ಕೈಗೇ ತುರುಕಿದರು. “ಊಟ ಮಾಡಿಲ್ಲ ನೀನು. ಮುಖ ನೋಡಿದರೆ ಗೊತ್ತಾಗ್ತದೆ.”

ಅವಳು ಅದನ್ನು ಕರವಸ್ತ್ರದಲ್ಲಿ ಸುತ್ತಿಟ್ಟಳು.

“ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದೀನಿ ಕಣಮ್ಮ,” ಎಂದರು ದೊಡ್ಡಮ್ಮ.

“ನಾನೂ,” ಎಂದಳು ಅವಳು. ದೊಡ್ಡಮ್ಮ ಮುಂದೆ ಹೇಳುವ ಮೊದಲೇ ಎದ್ದು ಬಂದಳು. ನೇರ ಪ್ರಯೋಗಾಲಯದ ಮುಖ್ಯಸ್ಥರ ಕೋಣೆಗೆ ಹೋದಳು.

“ಸರ್, ಅವತ್ತು ಇದ್ದದ್ದು ನಲವತ್ತೊಂಬತ್ತು. ನಾನು ಐವತ್ತು ಅಂತ ಬರೆದೆ. ದೊಡ್ಡಮ್ಮನನ್ನ ಈ ಸ್ಥಿತಿಗೆ ತಂದದ್ದು ನಾನೇ.”

 ಅವರು ಒಂದು ಲೋಟ ನೀರು ಮುಂದಿಟ್ಟರು. “ಕುಡಿ. ಮೊದಲು ಆಸ್ಪತ್ರೆಗೆ ಹೋಗೋಣ. ಬೈಯೋದು ಆಮೇಲೆ.”

ವಾರ್ಡಿನಲ್ಲಿ ವೈದ್ಯೆ ರಕ್ತದ ವರದಿ ಹಿಡಿದು ನಿಂತಿದ್ದರು. ಮುಖ್ಯಸ್ಥರು ಅದನ್ನು ಎರಡು ಸಲ ಓದಿದರು.

“ಮಲೇರಿಯಾ ಹೌದು. ಆದರೆ ನಮ್ಮ ಏಳನೇ ಪಂಜರದ್ದಲ್ಲ,” ಎಂದರು. “ಅಲ್ಲಿರೋದು ಪ್ರಾಣ ತೆಗೆಯೋ ಜಾತಿ. ಇದು ಬೇರೆ. ತಿಂಗಳುಗಟ್ಟಲೆ ಲಿವರಿನಲ್ಲಿ ಅಡಗಿ ಕೂತು ಆಮೇಲೆ ಏಳೋ ಜಾತಿ.”

“ಗುಣ ಆಗ್ತಾರೆ, ಹೆದರಬೇಡಿ,” ಎಂದರು ವೈದ್ಯೆ.

ಸಹಾಯಕಿ ಮಂಚದ ಅಂಚಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ತಪ್ಪು ಬರೆದದ್ದು ನಿಜ, ಕೆಲಸ ಹೋದರೆ ಹೋಗಲಿ. ಈ ಜೀವಕ್ಕೆ ಕೇಡು ಮಾಡಿದ್ದು ತಾನಲ್ಲ. ದೊಡ್ಡಮ್ಮ ಅವಳ ಬೆನ್ನು ಸವರಿದರು.

“ಆದರೆ ಇದು ಬಂದದ್ದೆಲ್ಲಿಂದ?” ವೈದ್ಯೆ ಕೇಳಿದರು. “ಹತ್ತು ವರ್ಷದಿಂದ ಈ ಊರಲ್ಲಿ ಒಬ್ಬರಿಗೂ ಮಲೇರಿಯಾ ಬಂದಿಲ್ಲ. ಅಜ್ಜಿ, ನೀವು ಬೇರೆ ಊರಿಗೇನಾದರೂ ಹೋಗಿದ್ರಾ?”

“ಎಲ್ಲಿಗೂ ಇಲ್ಲ.” ಕದ್ದು ಸಿಕ್ಕಿಬಿದ್ದ ಮಗುವಿನಂತೆ ದೊಡ್ಡಮ್ಮ ಮುಖ್ಯಸ್ಥರ ಕಡೆ ನೋಡಿದರು. “ಬೈಯಬೇಡಿ ಸಾರ್. ಹದಿನಾರು-ಹದಿನೇಳು ದಿನದ ಹಿಂದೆ ಇವಳು ತಂಗಿ ಹೆರಿಗೆಗೆ ಅಂತ ರಜಾ ಹಾಕಿದ್ದಳಲ್ಲ? ಒಂದನೇ ಪಂಜರದವು ಉಪವಾಸ ಬಿದ್ದಿದ್ವು. ಬಂದ ತಕ್ಷಣ ಎಲ್ಲ ಸೇರಿ ಇವಳ ಕೈಯನ್ನೇ ಕಿತ್ತು ತಿಂತಾವೆ ಅನ್ನಿಸ್ತು. ಪಾಪ, ಆ ಕೈಯಲ್ಲಿ ಎಲ್ಲಿದೆ ಜಾಗ? ಅದಕ್ಕೇ ಎರಡು ಸಲ ನನ್ನ ಕೈ ಇಟ್ಟೆ. ಅವು ಒಳ್ಳೇ ಸೊಳ್ಳೆ ಅಲ್ವಾ ಸಾರ್, ರೋಗ ಇಲ್ಲದವು?”

“ಇಲ್ಲದವೇ ದೊಡ್ಡಮ್ಮ. ಮೊಟ್ಟೆಯಿಂದ ನಾವೇ ಸಾಕಿದವು. ಹುಟ್ಟುವಾಗ ಯಾವ ಸೊಳ್ಳೆಯೂ ರೋಗ ಹೊತ್ತು ಬರೋದಿಲ್ಲ. ರೋಗ ಇರೋರ ರಕ್ತ ಕುಡಿದರೆ ಮಾತ್ರ…”

ಮುಖ್ಯಸ್ಥರ ಮಾತು ಅಲ್ಲಿಗೇ ನಿಂತಿತು. ಬೆನ್ನು ಸವರುತ್ತಿದ್ದ ಕೈ ಮಾತ್ರ ನಿಲ್ಲಲಿಲ್ಲ.

ದೊಡ್ಡಮ್ಮನಿಗಿಂತ ಮೊದಲು ಆ ಪಂಜರದ ಸೊಳ್ಳೆಗಳು ಕುಡಿದದ್ದು ಒಬ್ಬಳ ರಕ್ತವನ್ನು ಮಾತ್ರ.