ಅಕ್ಕ ಎಳೆದ ಗೆರೆ

ತಂಗಿಯ ದನಿ ಮತ್ತೆ ಅದೇ ಜಾಗದಲ್ಲಿ ಒಡೆಯಿತು. ಪಕ್ಕದ ಮನೆಯವರು ಗೋಡೆ ಗುದ್ದಿದರು. ಅವಳು ಕಿವಿಗೇ ಹಾಕಿಕೊಳ್ಳದೆ ಒಂದು ಗುಟುಕು ಬಿಸಿನೀರು ಕುಡಿದು ಪುನಃ ಶುರುಮಾಡಿದಳು. ಕಂಪ್ಯೂಟರಿನ ಮುಂದಿದ್ದ ಅಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

“ಅಕ್ಕಾ, ನಾವು ರೆಕಾರ್ಡ್ ಮಾಡಿ ಕಳಿಸಿದ ಹಾಡನ್ನ ಇನ್ನೊಂದ್ಸಲ ಹಾಕೇ. ಅವತ್ತು ಅಷ್ಟು ಸಲೀಸಾಗಿ ಹೇಗೆ ಬಂತೋ ಅಂತೀನಿ! ಸಂಗೀತ ನಿರ್ದೇಶಕರಿಗೆ ಆ ಜಾಗಾನೇ ಬೇಕಂತೆ. ಸಂಜೆ ಅವರೆದುರಿಗೆ ಹಾಡ್ಬೇಕು.”

ಹೇಗೆ ಬಂತೆಂದು ಅಕ್ಕನಿಗಲ್ಲದೆ ಇನ್ಯಾರಿಗೆ ಗೊತ್ತು? ರೆಕಾರ್ಡಿಂಗ್ ಸ್ಟುಡಿಯೋದ ಕೆಲಸದಲ್ಲಿ ಕಂಡವರ ದನಿಯನ್ನೆಲ್ಲ ತಿದ್ದಿ ತಿದ್ದಿ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ತಂಗಿಯ ಹಾಡಿನಲ್ಲಿ ಸ್ವರ ಮೇಲೇರುವಾಗ, ತುದಿ ಮುಟ್ಟುವ ಮುಂಚೆ, ಕೊಂಚ ತಡವರಿಸಿತ್ತು. ಪರದೆಯ ಮೇಲೆ ಸ್ವರದ ಏರಿಳಿತ ತೋರಿಸುವ ಗೆರೆಯಲ್ಲಿ ಅದೊಂದು ಸಣ್ಣ ಡೊಂಕು. ಅಕ್ಕ ಮೌಸ್ ಹಿಡಿದು ಡೊಂಕನ್ನು ನುಣುಪು ಮಾಡಿ, ಗೆರೆಯನ್ನು ಇನ್ನೂ ಮೇಲಕ್ಕೆ ಎಳೆದಿದ್ದಳು. ಕೆಳಗಿದ್ದ ವಾಲ್ಯೂಮಿನ ಗೆರೆಯನ್ನೂ ಅಲ್ಲಿ ಚೂರು ಉಬ್ಬಿಸಿದ್ದಳು. ಎಲ್ಲ ತಂಗಿಗೆ ಒಳ್ಳೆಯದಾಗಲಿ ಅಂತಲೇ. ಹೇಳಿದರೆ ಹುಡುಗಿಯ ಮುಖ ಸಪ್ಪಗಾದೀತೆಂದು ಬಾಯಿಬಿಟ್ಟಿರಲಿಲ್ಲ.

“ಸಾಕು ಮಾಡೇ, ಗಂಟಲು ಕಟ್ಕೊಳ್ಳುತ್ತೆ.”

“ಒಂದ್ಸಲ ಬಂದಿದ್ದು ಇನ್ನೊಂದ್ಸಲ ಬರದೆ ಎಲ್ಲಿಗೆ ಹೋಗುತ್ತೆ? ಬರ್ಲೇಬೇಕು,” ಎಂದು ತಂಗಿ ಕಣ್ಣು ಮುಚ್ಚಿ ಎತ್ತರಿಸಿದಳು. ಈ ಸಲ ಸ್ವರದ ಬದಲು ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಮುಖವೆಲ್ಲ ಕೆಂಪಾಯಿತು.

ಅಕ್ಕ ಅವಳ ಬೆನ್ನು ಸವರಿದಳು. “ಅದು ನಿಂಗೆ ಬಂದೇ ಇರ್ಲಿಲ್ಲ ಕಣೇ. ನಾನು ಎಳೆದಿದ್ದು,” ಎಂದು ಪರದೆಯನ್ನು ಅವಳ ಕಡೆ ತಿರುಗಿಸಿ ಗೆರೆ ತೋರಿಸಿದಳು. ಬೈಯುತ್ತಾಳೆ, ಲೋಟ ಎಸೆಯುತ್ತಾಳೆ ಎಂದುಕೊಂಡಿದ್ದಳು. ತಂಗಿ ಬೈಯಲಿಲ್ಲ. ಆ ಗೆರೆಯನ್ನೇ ನೋಡುತ್ತ, “ನಾನು ಹಾಡಿದ್ದು ಇದ್ಯಾ?” ಎಂದಷ್ಟೇ ಗೊಗ್ಗರು ದನಿಯಲ್ಲಿ ಕೇಳಿದಳು.

ಅಕ್ಕ ತಾನೆಳೆದ ಗೆರೆಯನ್ನು ಅಳಿಸಿ ಹಾಡು ಹಾಕಿದಳು. ದನಿ ಏರುತ್ತ ಹೋಗಿ, ತುದಿಯ ಹತ್ತಿರ ಒಂದು ಗಳಿಗೆ ಹೋಗಲೋ ಬೇಡವೋ ಎಂಬಂತೆ ತಡೆದು, ಆಮೇಲೆ ಮೆಲ್ಲಗೆ ತಲುಪಿತು. ಅಕ್ಕನ ಮೈ ಜುಮ್ಮೆಂದಿತು. ತಿದ್ದುವ ಆತುರದಲ್ಲಿ ಅವಳು ಅದನ್ನು ಸರಿಯಾಗಿ ಕೇಳಿಯೇ ಇರಲಿಲ್ಲ.

“ಇದು ಚೆನ್ನಾಗೇ ಇತ್ತಲ್ಲ ಅಕ್ಕಾ,” ಎಂದಳು ತಂಗಿ. ತುಟಿ ಅಲುಗಿದ್ದರಿಂದಷ್ಟೇ ಅಕ್ಕನಿಗೆ ಆ ಮಾತು ಗೊತ್ತಾಯಿತು. ಗಂಟಲಿನಿಂದ ಬಂದದ್ದು ಬರೀ ಗಾಳಿ.