ಗ್ರಹಣ ನೋಡಿದ ಹಾಳೆ

ಹೊಸದಾಗಿ ವರ್ಗವಾಗಿ ಬಂದಿದ್ದ ವಿಜ್ಞಾನದ ಟೀಚರು ಗೋಡೆಗೆ ದೊಡ್ಡದೊಂದು ಚಿತ್ರ ಅಂಟಿಸಿದರು. ಬೂದಿ ಬಣ್ಣದ ಮೋಡ, ಅದರ ತುಂಬ ಬಿಳಿ ಚುಕ್ಕೆಗಳು.

"ಇದು ಮಳೆ ಮೋಡ ಅಲ್ಲ, ಆಕಾಶದಾಗಿನ ದೂಳು. ಈ ದೂಳು ಕೂಡಿ ಕೂಡಿ ಗಟ್ಟಿಯಾದಲ್ಲಿ ಹೊಸ ನಕ್ಷತ್ರ ಹುಟ್ಟತಾವು."

"ಇಂಥಾ ಚಿತ್ರ ನಮ್ಮನ್ಯಾಗೂ ಐತ್ರಿ," ಎಂದಳು ಎರಡನೇ ಸಾಲಿನ ದುರಗವ್ವ.

ಟೀಚರು ನಕ್ಕರು. ತರಗತಿಯಲ್ಲಿ ಬೇರೆ ಯಾರೂ ನಗಲಿಲ್ಲ.

ಮರುದಿನ ಅವಳು ಚೀಲದಿಂದ ಅಂಗೈಯಗಲದ ಕಪ್ಪು ಹಾಳೆಯೊಂದನ್ನು ತೆಗೆದು ಕೊಟ್ಟಳು. ಟೀಚರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅದೇ ಬೂದಿ ಮೋಡ, ಎಣಿಸಲಾಗದಷ್ಟು ಬಿಳಿ ಚುಕ್ಕೆ. ಅಡ್ಡಕ್ಕೆ ಎರಡು ಪಕ್ಕೆಲುಬು.

"ಇದು ಎಕ್ಸ್‌ರೇ ಅಲ್ಲೇನ?"

"ಹೂಂ ರೀ, ನಮ್ಮಪ್ಪಂದು. ಗ್ರಹಣ ನೋಡಾಕಂತ ಕತ್ತರಿಸೇವ್ರಿ."

"ಹಿಂಗ ಕತ್ತರಿಸಿದ್ರ ಹೆಂಗ? ನಾಳೆ ಡಾಕ್ಟರ್ ಕೇಳಿದ್ರ ಅಪ್ಪ ಏನು ತೋರಸಬೇಕು?"

"ಅಂವ ಸತ್ತ ಮ್ಯಾಲೇ ಕತ್ತರಿಸಿದ್ದು ರೀ."

ಟೀಚರು ಕೈ ಇಳಿಸಿದರು. ಕಿಟಕಿಯಾಚೆ ಕಲ್ಲು ಪುಡಿ ಮಾಡುವ ಖಡಿ ಮಷಿನ್ನಿನ ಸದ್ದು ನಡೆದೇ ಇತ್ತು. ಅದರ ದೂಳು ಕಿಟಕಿಯ ಸರಳುಗಳ ಮೇಲೂ ಬೆಳ್ಳಗೆ ಕೂತಿತ್ತು.

"ಅಪ್ಪ ಅಲ್ಲೇ ದುಡೀತಿದ್ರೇನು?"

"ಹೂಂ ರೀ. ಈಗ ಅವ್ವ ಹೋಗ್ತಾಳ್ರಿ."

"ಆ ಕೆಲಸ ಬಿಡು ಅಂತ ಅವ್ವಗ ಹೇಳವಾ. ಮೊದಲು ದವಾಖಾನಿಗೆ ಕರಕೊಂಡು ಹೋಗ್ರಿ."

ದುರಗವ್ವ ಹಾಳೆಯನ್ನು ಇಸಕೊಂಡು, ಲಂಗಕ್ಕೆ ಒರೆಸಿ, ಜೋಪಾನವಾಗಿ ಚೀಲಕ್ಕೆ ಸೇರಿಸಿದಳು.

"ಹೋಗಿದ್ವಿ ರೀ. ಅವ್ವನ ಎಕ್ಸ್‌ರೇದಾಗ ಈಗಷ್ಟ ನಾಕು ಚುಕ್ಕಿ ಹುಟ್ಟ್ಯಾವ್ರಿ."